ಅಂಗಡಿ ಮುಚ್ಚೂಕಿಂತ ಮೊದಲು ಕಾನೂನು ತರ್ರಿ



2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶ ಹೊರಡಿಸಿತು. ಕಾರಣ ಏನಪಾ ಅಂದ್ರ, ಒಳಗ ಔಷಧಿ ಉಚಿತ ಕೊಡತೀವಿ, ಹೊರಗ ಅಂಗಡಿ ಯಾಕ? ಅಂಗಡಿಯವರು ಕೋರ್ಟಿಗೆ ಹೋದರು, ಜುಲೈನಲ್ಲಿ ಹೈಕೋರ್ಟಿನ ಧಾರವಾಡ ಪೀಠ ತಡೆ ಕೊಟ್ಟಿತು. ಒಂದು ಪಕ್ಷದವರು "ಬಡವರ ಔಷಧಿ ಕಸಗೊಂಡ್ರು" ಅಂತಾರ, ಇನ್ನೊಂದು ಪಕ್ಷದವರು "ನಾವು ಪುಕ್ಕಟೆ ಕೊಡತೀವಿ" ಅಂತಾರ. (ತಮಾಷೆ ನೋಡ್ರಿ, ಜನೌಷಧಿ ಶುರುವಾಗಿದ್ದು 2008ರಾಗ, ಮನಮೋಹನ ಸಿಂಗ್ ಸರ್ಕಾರದಾಗ. ತಮ್ಮ ಕೂಸಿನ ಗುರುತು ತಮಗೇ ಸಿಗವಲ್ದು.)

ಅರ್ಧ ಬೆಲೆಗಿಂತ ಪುಕ್ಕಟೆ ಮೇಲು, ಒಪ್ಪತೀನಿ. ಆದ್ರ ನಮ್ಮ ಅವ್ವಗ ಬಿಪಿ, ಶುಗರ್ ಎರಡೂ ಅದಾವ. ಒಂದು ಸರ್ಕಾರಿ ದವಾಖಾನಿಯಾಗ, ಯಾವುದು ಅಂತ ಕೇಳಬ್ಯಾಡ್ರಿ, ಒಂದು ಗುಳಿಗಿ ಸಿಕ್ಕಿತು, ಇನ್ನೊಂದಕ್ಕ "ಹೊರಗ ತಗೋರಿ" ಅಂತ ಚೀಟಿ ಸಿಕ್ಕಿತು. ಇಟ್ಟಂಗಿಹಾಳದವರಿಗೆ ಹೊರಗ ಅಂದ್ರ ವಿಜಯಪುರ. ಅವ್ವನ ಬಸ್ಸು ಫ್ರೀ, ಗುಳಿಗಿ ಫ್ರೀ ಅಲ್ಲ. ನನಗ ಪಗಾರ ಐತಿ, ತಂದೆ. ನಮ್ಮ ಓಣಿಯ ಕೂಲಿಯವರು ಮೂವತ್ತರ ಬದಲಿ ಹತ್ತು ಗುಳಿಗಿ ಒಯ್ದು, ಒಂದು ದಿನ ಬಿಟ್ಟು ಒಂದು ದಿನ ನುಂಗತಾರ. ಬಿಪಿ ಹಂಗ ರಜಾ ತಗೋಳೂದಿಲ್ಲ, ಒಂದು ದಿನ ಲಕ್ವಾ ಹೊಡದು ಮಲಗಸ್ತೈತಿ. ಇಂಥವರಿಗೆ ಅಗ್ಗದ ಅಂಗಡಿ ಕಡೇ ಆಸರ. ಅದನ್ನೂ ಮುಚ್ಚಿದ ಮೇಲೆ ಒಳಗ ಸ್ಟಾಕ್ ಇಲ್ಲ ಅಂದ್ರ?

ನಾನು ಆಫೀಸಿನ ಗುಮಾಸ್ತ. ಆದೇಶ ಅಂದ್ರ ಏನಂತ ನನಗ ಗೊತ್ತು. ಒಂದು ಸಹಿಗೆ ಬರತೈತಿ, ಇನ್ನೊಂದು ಸಹಿಗೆ ಹೋಗತೈತಿ. "ಉಚಿತ" ಅನ್ನೂದೂ ಇವತ್ತು ಹಂಗೇ ಐತಿ. 2011ರ ಸಕಾಲ ಕಾಯ್ದೆ ಪ್ರಕಾರ ಜಾತಿ ಪ್ರಮಾಣಪತ್ರ ತಡ ಆದ್ರ ದಿನಕ್ಕ 20 ರೂಪಾಯಿ ಪರಿಹಾರ ಕೇಳಬಹುದು. ಶುಗರ್ ಗುಳಿಗಿ ಇಲ್ಲ ಅಂದ್ರ ಏನು ಕೇಳೂದು? ಜೀವಿಸುವ ಹಕ್ಕಿನ 21ನೇ ವಿಧಿ ಐತಿ ಅಂತೀರಿ. ಒಂದು ಶೀಟು ಗುಳಿಗಿಗಾಗಿ ಯಾರು ಧಾರವಾಡಕ್ಕ ವಕೀಲರನ್ನ ಹುಡುಕ್ಕೊಂಡು ಹೋಗತಾರ?

ಎಲ್ಲಾನೂ ಮಾರಾಟಕ್ಕಿಟ್ಟ ಅಮೆರಿಕದಾಗೂ 1992ರಲ್ಲೇ ಕಾಯ್ದೆ ಬಂತು: ಬಡವರನ್ನ ನೋಡೋ ಆಸ್ಪತ್ರೆಗಳಿಗೆ ಕಂಪನಿಗಳು ಔಷಧಿಯನ್ನ ರಿಯಾಯಿತಿಯಾಗ ಮಾರಬೇಕು. 340ಬಿ ಅಂತಾರ ಅದಕ್ಕ. 2010ರಲ್ಲಿ ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳನ್ನೂ ಸೇರಿಸಿದರು. ಕಂಪನಿಗಳು ಕೋರ್ಟಿನಾಗ ಜಗ್ಗಾಡತಾವ, ಆದ್ರೂ ಆಸ್ಪತ್ರೆ ಕೈಯಾಗ ಕಾಯ್ದೆ ಐತಿ. ಅಷ್ಟು ದೂರ ಯಾಕ, ತಮಿಳುನಾಡು 1994ರಲ್ಲೇ ಔಷಧಿ ಖರೀದಿಗೆ ನಿಗಮ ಕಟ್ಟಿತು, ರಾಜಸ್ಥಾನ 2011ರಲ್ಲಿ ಉಚಿತ ಔಷಧಿ ಯೋಜನೆ ತಂದು, 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆ ಮಾಡಿತು. ನಮ್ಮಲ್ಲೂ ಸರಬರಾಜು ನಿಗಮ ಐತಿ. 2024ರಲ್ಲಿ ಬಳ್ಳಾರಿಯ ಬಾಣಂತಿಯರು ಸತ್ತಾಗ ಆ ನಿಗಮದ ಐವಿ ದ್ರಾವಣದ ಮೇಲೇ ಅನುಮಾನ ಬಂತು. ಪುಕ್ಕಟೆ ಅಂದ್ರ ಪರೀಕ್ಷೆ ಬ್ಯಾಡ ಅಂತಲ್ಲ.

ಸರ್ಕಾರಿ ದವಾಖಾನಿ ಪಾಳಿಯಾಗ ನಿಂತವರು ಯಾರು, ಎಣಿಸಿ ನೋಡ್ರಿ. ಗೌಡರಿಗೆ ಕಾರು ಐತಿ. ಬಾಬಾಸಾಹೇಬರ ಸಂವಿಧಾನ ನಮ್ಮನ್ನ ಯಾರದೋ ಒಳ್ಳೇತನದ ಮ್ಯಾಲ ಬಿಡಲಿಲ್ಲ, ಅಸ್ಪೃಶ್ಯತೆಯನ್ನ 17ನೇ ವಿಧಿಯಾಗ ಬರೆದೇ ರದ್ದು ಮಾಡಿತು. ಔಷಧಿನೂ ಹಂಗೇ ಬರೀರಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಇರಲೇಬೇಕಾದ ಔಷಧಿ ಪಟ್ಟಿ ಗ್ವಾಡಿ ಮ್ಯಾಲ ಇರಲಿ. ಸ್ಟಾಕ್ ಇಲ್ಲಂದ್ರ ದವಾಖಾನಿಯೇ ಅವತ್ತೇ ಖರೀದಿ ಮಾಡಿ ಕೊಡಲಿ, ಇಲ್ಲಾ ರೋಗಿಯ ಬಿಲ್ಲು ಕಟ್ಟಲಿ. ಅಲ್ಲೀತನಕ ಜನೌಷಧಿಗೆ ಬೀಗ ಹಾಕಬ್ಯಾಡ್ರಿ. ತಿಕೋಟಾ, ಬಬಲೇಶ್ವರದಂಥ ಊರುಗಳ ಆಸ್ಪತ್ರೆಗಳಿಗೂ ಅಗ್ಗದ ಕೌಂಟರ್ ಬರಲಿ.

ನಮ್ಮ ಜಿಲ್ಲೆಗೆ ಎಂಟು ಮಂದಿ ಶಾಸಕರು. ಬೆಳಗಾವಿ ಅಧಿವೇಶನಕ್ಕಿಂತ ಮೊದಲು ಎಂಟೂ ಮಂದಿಗೆ ಮನವಿ ಕೊಡೂಣು. "ಹೊರಗ ತಗೋರಿ" ಅಂತ ಬರದ ಚೀಟಿ ಯಾರ ಹಂತೇಕ ಅದಾವ, ಹರದು ಒಗೀಬ್ಯಾಡ್ರಿ. ಜೆರಾಕ್ಸ್ ಮಾಡಿ ನನ್ನ ಕಡೆ ಕೊಡ್ರಿ, ಮನವಿಗೆ ಪಿನ್ ಮಾಡೂದು ನನ್ನ ಕೆಲಸ.