ಕೋಟೆ ಕೊಳ್ಳೆ ಹೋದ ಮೇಲೆ...

ಗದ್ದುಗೆಯಲ್ಲಿದ್ದವರ ಯುದ್ಧವನ್ನು ಎದುರಾಳಿ ಟೀಕಿಸುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಜಾನ್ ಕೆರ್ರಿ. 2004ರ ಸೆಪ್ಟೆಂಬರ್ 20ರಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನಿಂತು ಅಧ್ಯಕ್ಷ ಬುಷ್‌ರನ್ನು ಚೆನ್ನಾಗಿಯೇ ಜಾಲಾಡಿದರು. ಇರಾಕಿನಲ್ಲಿ ಸಾಮೂಹಿಕ ನಾಶದ ಅಸ್ತ್ರಗಳು ಸಿಗಲಿಲ್ಲ, ಮಿತ್ರರಾಷ್ಟ್ರಗಳನ್ನು ಜೊತೆಗಿಟ್ಟುಕೊಳ್ಳಲಿಲ್ಲ, ಯುದ್ಧ ಮುಗಿದ ಮೇಲೇನು ಎಂಬ ಯೋಜನೆಯೇ ಇರಲಿಲ್ಲ, ಅಮೆರಿಕದ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು... ತಳ್ಳಿಹಾಕುವಂಥ ಮಾತು ಒಂದೂ ಇಲ್ಲ.

ಆದರೂ ನನ್ನ ಮಟ್ಟಿಗೆ ಅದು ಟೊಳ್ಳು ಭಾಷಣ. ಯಾಕೆ ಗೊತ್ತೇ? 2002ರ ಅಕ್ಟೋಬರಿನಲ್ಲಿ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯ ಸೆನೆಟ್ಟಿಗೆ ಬಂದಾಗ ಪರವಾಗಿ ಬಿದ್ದದ್ದು 77 ಮತ, ವಿರುದ್ಧ 23. ಆ 77ರಲ್ಲಿ ಕೆರ್ರಿಯವರದೂ ಒಂದು!

"ಪಾಪ, ಬುಷ್ ಸುಳ್ಳು ಹೇಳಿ ನಂಬಿಸಿದರು" ಎನ್ನುವವರಿದ್ದಾರೆ. ಹಾಗಾದರೆ ಸೆನೆಟ್ಟಿನ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದ ಬಾಬ್ ಗ್ರಹಾಂ ವಿರುದ್ಧವಾಗಿ ಮತ ಹಾಕಿದ್ದು ಹೇಗೆ ಸ್ವಾಮಿ? ಎಂಬತ್ತು ದಾಟಿದ್ದ ರಾಬರ್ಟ್ ಬರ್ಡ್, ಆತುರ ಬೇಡ ಎಂದು ಅದೇ ಸೆನೆಟ್ಟಿನಲ್ಲಿ ಗಂಟಲು ಹರಿದುಕೊಂಡದ್ದು ಕೇಳಿಸಲಿಲ್ಲವೇ? ಇಬ್ಬರೂ ಕೆರ್ರಿಯವರ ಡೆಮಾಕ್ರಟಿಕ್ ಪಕ್ಷದವರೇ.

ಹೋಗಲಿ, ತಪ್ಪು ಯಾರಿಗಾದರೂ ಆಗುತ್ತದೆ. ಒಪ್ಪಿಕೊಂಡರೆ ಮುಗಿಯಿತು. ಆದರೆ 2004ರ ಆಗಸ್ಟಿನಲ್ಲಿ ಇವರು ಹೇಳಿದ್ದೇನು? ಅಸ್ತ್ರಗಳಿಲ್ಲ ಎಂದು ಗೊತ್ತಿದ್ದರೂ ಅಧ್ಯಕ್ಷನಿಗೆ ಆ ಅಧಿಕಾರ ಕೊಡುತ್ತಿದ್ದೆ ಅಂತ! ಮುಂದಿನ ತಿಂಗಳೇ ಈ ಗುಡುಗು. ಬುಷ್ ಪಾಳಯ ಅವರನ್ನು ಗೋಸುಂಬೆ ಎಂದು ಹಾಡಿಕೊಂಡು ತಿರುಗಿದ್ದರಲ್ಲಿ ಆಶ್ಚರ್ಯವೇನಿದೆ? ಬಣ್ಣದ ಡಬ್ಬಿ ಕೊಟ್ಟವರು ಇವರೇ.

ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. 1971ರಲ್ಲಿ, 27ರ ಹರೆಯದಲ್ಲಿ, ವಿಯೆಟ್ನಾಂನಿಂದ ಮರಳಿದ ಇದೇ ಕೆರ್ರಿ ಸೆನೆಟ್ ಸಮಿತಿಯ ಮುಂದೆ ಕೂತು, ತಪ್ಪು ಯುದ್ಧಕ್ಕಾಗಿ ಸಾಯಲು ಯಾರಿಗಾದರೂ ಹೇಗೆ ಹೇಳುವುದು ಎಂದು ಕೇಳಿದ್ದರು. ಅವತ್ತು ಅವರಿಗೆ ವೋಟು ಬೇಕಿರಲಿಲ್ಲ. 2004ರಲ್ಲಿ ಬೇಕಿತ್ತು. ಹಾಗಾಗಿ "ಈ ಯುದ್ಧ ಯಾಕೆ?" ಎಂಬ ಪ್ರಶ್ನೆ "ಈ ಯುದ್ಧ ಯಾಕೆ ಹೀಗೆ?" ಎಂದಾಯಿತು. ಯುದ್ಧವೇ ಬೇಡವೆಂದಿದ್ದ ಮತದಾರನಿಗೆ ಸಿಕ್ಕಿದ್ದು ಇನ್ನೂ ಚೆನ್ನಾಗಿ ಯುದ್ಧ ಮಾಡುತ್ತೇನೆನ್ನುವ ಅಭ್ಯರ್ಥಿ!

ನವೆಂಬರಿನಲ್ಲಿ ಕೆರ್ರಿ ಸೋತರು. ಆ ಮತ ಹಾಕಿದ್ದು ತಪ್ಪು ಎಂದು 2006ರಲ್ಲಿ ಬಾಯಿಬಿಟ್ಟು ಹೇಳಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! 2011ರಲ್ಲಿ ಅಮೆರಿಕದ ಸೇನೆ ಹೊರಡುವಷ್ಟರಲ್ಲಿ ಅವರ ಸುಮಾರು 4,500 ಸೈನಿಕರು, ಲಕ್ಷಕ್ಕೂ ಹೆಚ್ಚು ಇರಾಕಿಗಳು ಮಣ್ಣಾಗಿದ್ದರು. ಆ ಒಂದು ವಾಕ್ಯ ಎರಡು ವರ್ಷ ಮೊದಲೇ ಬಂದಿದ್ದರೆ ಗೆಲ್ಲುತ್ತಿದ್ದರೋ ಇಲ್ಲವೋ, ಕನಿಷ್ಠ ಆ ಭಾಷಣಕ್ಕೊಂದು ಮರ್ಯಾದೆ ಇರುತ್ತಿತ್ತು.

ಏನಂತೀರಿ?