ಎಫ್‌ಸಿಸಿ, ಬಿಸಿಸಿ ಮತ್ತು ಎರಡು ಮಾರ್ಕು

ಶುದ್ಧ ಕಬ್ಬಿಣ 912 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಸಿಸಿಯಿಂದ ಎಫ್‌ಸಿಸಿ ಆಗುತ್ತೆ. ಪ್ಯಾಕಿಂಗ್ ಫ್ಯಾಕ್ಟರ್ 0.68ರಿಂದ 0.74. ಇಷ್ಟು ಬರೆದರೆ ಎರಡು ಮಾರ್ಕು ಗ್ಯಾರಂಟಿ. ಯಾಕೆ ಆಗುತ್ತೆ, ಪರಮಾಣುಗಳು ಯಾವ ದಾರಿ ಹಿಡಿದು ಹೊಸ ಜಾಗಕ್ಕೆ ಹೋಗುತ್ತವೆ ಅಂತ ಮಾತ್ರ ಯಾರೂ ಕೇಳಲ್ಲ. ಕ್ವೆಶ್ಚನ್ ಪೇಪರಲ್ಲಿ ಬರಲ್ವಲ್ಲ!

ನಮ್ಮ ಹನೂರು ಕಡೆ ಕುಲುಮೆಯಲ್ಲಿ ಮಚ್ಚು ಕಾಯಿಸುವ ಆಚಾರ್ರು ಬಣ್ಣ ನೋಡಿಯೇ ಹದ ಹೇಳ್ತಾರೆ, ಕೆಂಪಗೆ ಕಾದಾಗ ನೀರಿಗೆ ಅದ್ದುತ್ತಾರೆ. ಇಂಗಾಲ ಇರುವ ಉಕ್ಕಿನಲ್ಲಿ ಈ ಬದಲಾವಣೆ 912ಕ್ಕಿಂತ ಕಡಿಮೆ ಶಾಖಕ್ಕೇ ಶುರುವಾಗುತ್ತೆ. ನೀರಿಗೆ ಬಿದ್ದಾಗ ಪರಮಾಣುಗಳಿಗೆ ನಿಧಾನವಾಗಿ ಜಾಗ ಹುಡುಕಿಕೊಳ್ಳೋಕೆ ಟೈಮಿಲ್ಲ. ಇಂಗಾಲ ಒಳಗೇ ಸಿಕ್ಕಿಹಾಕಿಕೊಂಡು, ಜಾಲವೇ ಓರೆಯಾಗಿ ಸರಿದು ಮಾರ್ಟೆನ್ಸೈಟ್ ಆಗುತ್ತೆ. ಮಚ್ಚಿನ ಬಾಯಿ ಗಟ್ಟಿಯಾಗೋದು ಹಾಗೆ. ನಮ್ಮ ಪುಸ್ತಕದ ಡಯಾಗ್ರಾಮ್‌ನಲ್ಲಿ ಈ ಸರಿದಾಟ ಕಾಣಲ್ಲ.

ಒಳ್ಳೆ ಫರ್ನೇಸು, ಮೈಕ್ರೋಸ್ಕೋಪು ಎಲ್ಲಾ ಕಾಲೇಜಿಗೂ ಸಿಗಲ್ಲ, ಒಪ್ಪಿದೆ. ಲ್ಯಾಪ್‌ಟಾಪ್ ಇದೆಯಲ್ಲ? ಒಂದು ಪೆಟ್ಟಿಗೆಯಲ್ಲಿ ಕೆಲವು ನೂರು ಪರಮಾಣು ಇಟ್ಟು, ಅವು ಒಂದನ್ನೊಂದು ಎಳೆಯುವ, ತಳ್ಳುವ ಬಲಕ್ಕೆ ಒಂದು ಸೂತ್ರ ಕೊಟ್ಟು, ನ್ಯೂಟನ್ ಸಮೀಕರಣ ಓಡಿಸಬೇಕು. ಇದು ಪಿಯುಸಿ ಫಿಸಿಕ್ಸೇ. ಲ್ಯಾಂಪ್ಸ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಆ ಪೆಟ್ಟಿಗೆಯ ಕಥೆ. ಪೆಟ್ಟಿಗೆಯ ಆಕಾರ ಬಿಗಿಯಾಗಿದ್ದರೆ, ಹರಳಿಗೆ ಬೇರೆ ರಚನೆಗೆ ಹೋಗುವ ಮನಸ್ಸಿದ್ದರೂ ಅವಕಾಶ ಇರಲ್ಲ. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್ ಮತ್ತು ಇಟಲಿಯ ಮಿಕೆಲೆ ಪಾರಿನೆಲ್ಲೊ 1980ರಲ್ಲಿ ಪೆಟ್ಟಿಗೆಯ ಆಕಾರವೂ ಬದಲಾಗಲಿ ಅಂತ ಬಿಟ್ಟುಬಿಟ್ಟರು. ಬಲದ ಸೂತ್ರ ಬದಲಿಸಿದರೆ ಹರಳು ತಾನಾಗೇ ಬೇರೆ ರಚನೆ ಹಿಡಿಯಿತು. ಲೆನಾರ್ಡ್-ಜೋನ್ಸ್ ಸೂತ್ರ ಕೊಟ್ಟು ನೋಡಿ, ಬಿಸಿಸಿ ನಿಲ್ಲೋದೇ ಇಲ್ಲ, ಒತ್ತೊತ್ತಾದ ರಚನೆಗೆ ಜಾರುತ್ತೆ.

ಇದೆಲ್ಲ ಆಟ, ನಿಜವಾದ ಕಬ್ಬಿಣಕ್ಕೆ ಆಗಲ್ಲ ಅಂತ ಕೆಲವರು ಹೇಳಬಹುದು. ಅರ್ಧ ನಿಜ. ಕಬ್ಬಿಣದ ಬಿಸಿಸಿ ಉಳಿಯೋದರಲ್ಲಿ ಕಾಂತತ್ವದ ಕೈವಾಡ ಇದೆ, ಅದು ಇಂಥ ಸರಳ ಸೂತ್ರಕ್ಕೆ ಸಿಗಲ್ಲ. ಸಿಮ್ಯುಲೇಷನ್ ಓಡೋದು ನ್ಯಾನೋಸೆಕೆಂಡುಗಳ ಲೆಕ್ಕದಲ್ಲಿ, ಅಷ್ಟರಲ್ಲಿ ಹರಳು ಹಳೇ ರಚನೆ ಬಿಡದೇ ಕೂತಿರಬಹುದು. ಆದರೆ ಮಾಡೆಲ್ ಎಲ್ಲಿ ಸೋಲುತ್ತೆ ಅಂತ ಓಡಿಸಿ ನೋಡಿದವನಿಗೆ ಗೊತ್ತಾಗುತ್ತೆ, ಬಾಯಿಪಾಠ ಮಾಡಿದವನಿಗಲ್ಲ.

ಅದಕ್ಕೇ ಕೇಳ್ತಿರೋದು, ಮೆಟೀರಿಯಲ್ಸ್ ಲ್ಯಾಬಿನ ಒಂದೇ ಒಂದು ವಾರ ಇದಕ್ಕೆ ಕೊಡಿ. ಅಲ್ಲಿವರೆಗೆ, ಲ್ಯಾಂಪ್ಸ್ ಗೊತ್ತಿರೋ ಸೀನಿಯರ್ಸ್ ಯಾರಾದರೂ ಇದ್ದರೆ ಕ್ಲಬ್ ಕಡೆ ಬನ್ನಿ. ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್ ಹೇಗೂ ಖಾಲಿ ಹೊಡೀತಿರುತ್ತೆ.