ಹಳೆಯ ಮನೆಯೋ, ಲಾಟರಿ ಚೀಟಿಯೋ?

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಮುಂಬಯಿಗೆ ಬಂದ ಕನ್ನಡಿಗನಿಗೆ ಮನೆ ಕಟ್ಟುವ ಯೋಗವಿಲ್ಲ. ಕೊಳ್ಳುವ ಯೋಗ ಬಂದರೂ ಅದು ಹೆಚ್ಚಾಗಿ ಇನ್ನೊಬ್ಬರು ಇದ್ದುಬಿಟ್ಟ ಮನೆ. ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ವರ್ಗವಾಗಿ ಬಂದ ತರುಣ ದಂಪತಿಗಳು ಕೈಗೂಸಿನೊಡನೆ ಮುಲುಂಡ, ಬೊರಿವಲಿಗಳಲ್ಲಿ ಮೂವತ್ತು ನಲವತ್ತು ವರ್ಷದ ಫ್ಲ್ಯಾಟು ಹುಡುಕುವುದರಲ್ಲಿ ತಪ್ಪೇನೂ ಇಲ್ಲ. ಹೊಸದರ ಬೆಲೆ ಎಟುಕುವುದಿಲ್ಲ. ಹಳೆಯದಕ್ಕೆ ಸ್ಟೇಷನ್ನು ಹತ್ತಿರ, ಶಾಲೆ ಹತ್ತಿರ. ನಮ್ಮ ತಕರಾರು ಹಳೆಯ ಮನೆಯ ಮೇಲಲ್ಲ, ಅದನ್ನು ಮಾರುವ ಮಾತಿನ ಮೇಲೆ.

"ಕಟ್ಟಡ ಇನ್ನೇನು ರಿಡೆವಲಪ್‌ಮೆಂಟಿಗೆ ಹೋಗುತ್ತದೆ, ದೊಡ್ಡ ಹೊಸ ಮನೆ ಪುಕ್ಕಟೆ" ಎನ್ನುತ್ತಾನೆ ದಲ್ಲಾಳಿ. ಆ ಒಂದು ಮಾತಿಗೆ ಬೆಲೆ ಏರುತ್ತದೆ. ಹೀಗೆ ಕೊಳ್ಳುವವರು ಇನ್ನೂ ಎದ್ದಿರದ ಗೋಡೆಗೂ ಸಾಲ ತೆಗೆದು ಹಣ ತೆರುತ್ತಾರೆ. ಗೋರೆಗಾಂವದ ಪತ್ರಾ ಚಾಳಿನ 672 ಕುಟುಂಬಗಳಿಗೂ 2008ರ ಕರಾರಿನಲ್ಲಿ ಹೊಸ ಮನೆಯ ಭರವಸೆಯೇ ಇತ್ತು. ಇದ್ದ ಮನೆ ಬಿಟ್ಟುಕೊಟ್ಟು ಅವರು ಹತ್ತು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು.

ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಕಟ್ಟಡದ ಕೆಳಗಿನ ನೆಲ ಯಾರದು? 1963ರ ಮಹಾರಾಷ್ಟ್ರದ ಫ್ಲ್ಯಾಟು ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ಗಡುವಿಲ್ಲದಿದ್ದರೆ, ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ಬಿಲ್ಡರನು ನೆಲವನ್ನು ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಇದೇ ಕನ್ವೇಯನ್ಸ್. ಎಷ್ಟೋ ಬಿಲ್ಡರರು ಕೊಡಲೇ ಇಲ್ಲವಾದ್ದರಿಂದ ಸರ್ಕಾರ 2008ರಲ್ಲಿ ತಿದ್ದುಪಡಿ ತಂದು, ಅವನ ಸಹಿಯಿಲ್ಲದೆಯೂ ಅದನ್ನು ಪಡೆಯುವ ದಾರಿ ಮಾಡಿತು. ಪ್ರಾಪರ್ಟಿ ಕಾರ್ಡಿನಲ್ಲಿ ಸೊಸೈಟಿಯ ಹೆಸರೇ ಇಲ್ಲದಿರುವಾಗ ರಿಡೆವಲಪ್‌ಮೆಂಟಿನ ಮಾತು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ.

ಎರಡನೆಯದು, ಕಟ್ಟಡದ ಆರೋಗ್ಯ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ; ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಹೊಸ ಸುಣ್ಣಬಣ್ಣದ ಹಿಂದೆ ಇದು ಕಾಣುವುದಿಲ್ಲ. ಆದ್ದರಿಂದಲೇ ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. 2017ರ ಜುಲೈಯಲ್ಲಿ ಘಾಟ್ಕೋಪರದ ಸಾಯಿದರ್ಶನ ಕಟ್ಟಡ ಕುಸಿದು 17 ಜನ ಸತ್ತರು. ನೆಲಮಹಡಿಯ ದುರಸ್ತಿಯಲ್ಲಿ ಕಂಬಗಳಿಗೆ ಕೈಹಾಕಿದರೆಂಬುದೇ ಆರೋಪ. ಅಡಿಗೆಮನೆ ಆಗ್ನೇಯಕ್ಕಿದೆಯೇ ಎಂದು ಮೂರು ಸಲ ನೋಡುವವರು, ಕೆಳಗಿನ ಅಂಗಡಿಯವನು ಕಂಬ ಕೊರೆದಿದ್ದಾನೆಯೇ ಎಂದು ಒಂದು ಸಲವೂ ನೋಡುವುದು ಬೇಡವೇ?

"ಇಷ್ಟೆಲ್ಲ ಕೇಳುತ್ತ ಕೂತರೆ ಫ್ಲ್ಯಾಟು ಇನ್ನೊಬ್ಬರ ಪಾಲಾಗುತ್ತದೆ" ಎಂದು ವಾದಿಸುವವರಿದ್ದಾರೆ. ಆಗಲಿ. ಕಾಗದ ತೋರಿಸಲು ಒಲ್ಲದವನ ಫ್ಲ್ಯಾಟು ಇನ್ನೊಬ್ಬರ ಪಾಲಾದರೆ ನಷ್ಟ ನಮಗಲ್ಲ. "ಪರಊರಿನವರು, ತಂಟೆ ಏಕೆ" ಎಂಬುದು ಇನ್ನೊಂದು ವಾದ. ವರ್ಗಾವಣೆಗೆ ಸೊಸೈಟಿ ಪಡೆಯುವ ಪ್ರೀಮಿಯಮ್ಮು 25,000 ರೂಪಾಯಿ ಮೀರಕೂಡದೆಂದು 2001ರ ಸರ್ಕಾರಿ ಸುತ್ತೋಲೆ ಹೇಳುತ್ತದೆ. ಅದರ ಮೇಲೆ ದೇಣಿಗೆಯ ಹೆಸರಿನಲ್ಲಿ ಬಲವಂತದಿಂದ ಕೇಳಿದರೆ ಪ್ರಶ್ನಿಸುವುದು ತಂಟೆಯಲ್ಲ, ಹಕ್ಕು.

ಇನ್ನು ಕಹಿಯಾದ ಮಾತು. ಈ ಹಳೆಯ ಫ್ಲ್ಯಾಟುಗಳನ್ನು ಮಾರುವವರಲ್ಲಿ ನಮ್ಮವರೂ ಇದ್ದಾರೆ. ನಿವೃತ್ತರಾಗಿ ಊರಿಗೆ ಹೊರಟವರು, ಸಂಘದ ಸಮಾರಂಭಗಳಲ್ಲಿ ಭಾಷಾಬಾಂಧವ್ಯದ ಭಾಷಣ ಮಾಡಿದವರು, ಕನ್ನಡದ ಹುಡುಗನೇ ಗಿರಾಕಿಯಾಗಿ ಬಂದಾಗ ಆಡಿಟ್ ವರದಿಯನ್ನು ಕಪಾಟಿನಲ್ಲಿ ಬಚ್ಚಿಟ್ಟರೆ ಅದಕ್ಕೆ ಏನೆನ್ನಬೇಕು? "ನಮ್ಮ ಕಡೆಯವರು, ನಂಬಬಹುದು" ಎಂದು ಅವನು ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುತ್ತಾನೆ. ನಂಬಿಕೆಯನ್ನೂ ಚದರಡಿಯ ಲೆಕ್ಕದಲ್ಲಿ ಮಾರುವುದು ಬಾಂಧವ್ಯವಲ್ಲ.

ಆದ್ದರಿಂದ ನಮ್ಮ ಒತ್ತಾಯವಿಷ್ಟೆ. ಮಾರುವವರು ಕೇಳುವ ಮೊದಲೇ ಆಡಿಟ್ ವರದಿ, ಕನ್ವೇಯನ್ಸ್, ಷೇರು ಪತ್ರ, ಬಾಕಿಯ ಲೆಕ್ಕಗಳನ್ನು ಮುಂದಿಡಲಿ. ಸಂಘವು ತಿಂಗಳಿಗೊಂದು ಭಾನುವಾರ, ಕಾಗದಪತ್ರ ಬಲ್ಲ ಹಿರಿಯರನ್ನು ಕೂರಿಸಿ, ಮರಾಠಿ ದಸ್ತೈವಜುಗಳನ್ನು ಹೊಸಬರಿಗೆ ಓದಿ ಹೇಳಿಸಲಿ. ನಾಟಕ, ಸನ್ಮಾನಗಳಿಗೆ ಸಭಾಗೃಹ ದೊರೆಯುವಾಗ ಒಂದು ಮೇಜು, ನಾಲ್ಕು ಕುರ್ಚಿ ದೊರೆಯದೇ?